ನಲವತ್ತೂ ಎಡಗಡೆಯವೇ

ಆ ಹೊಲಿಗೆ ಕಾರ್ಖಾನೆಯಲ್ಲಿ ಹದಿನಾಲ್ಕು ಮೆಷಿನ್ನುಗಳಿದ್ದವು, ಬಟ್ಟೆ ಕತ್ತರಿಸುವ ಮೇಜು ಮಾತ್ರ ಒಂದೇ. ಹೊಲಿಯುವವರು, ಗುಂಡಿ ಹಾಕುವವನು, ಇಸ್ತ್ರಿಯವನು ಎಲ್ಲರ ಕೆಲಸವೂ ಆ ಉದ್ದ ಮೇಜಿನಿಂದಲೇ ಇಳಿದು ಬರಬೇಕು. ಮೇಜಿನ ಒಡೆಯ ಕಟಿಂಗ್ ಮಾಸ್ಟರ್. ವಯಸ್ಸು ಐವತ್ತೊಂದು, ಕೋಪ ಮೂಗಿನ ತುದಿಯಲ್ಲಿ. ಮಾಸ್ಟರ್ ಸೀಮೆಸುಣ್ಣ ಹಿಡಿದರೆ ಗೆರೆ ತಪ್ಪದು, ಬಾಯಿ ತೆರೆದರೆ ಬೈಗುಳ ತಪ್ಪದು ಎಂದು ಹೊಲಿಯುವ ಹೆಂಗಸರು ಆಡಿಕೊಳ್ಳುತ್ತಿದ್ದರು.

ಈ ಮನುಷ್ಯನಿಗೆ ಏಳು ತಿಂಗಳಿಂದ ಬೆನ್ನುನೋವು. ಸೊಂಟದಲ್ಲಿ ಹುಟ್ಟಿ, ಬೆನ್ನು ಹತ್ತಿ, ಕತ್ತಿನ ಬುಡದಲ್ಲಿ ಬಂದು ಕೂರುತ್ತಿತ್ತು. ಬೆಳಿಗ್ಗೆ ಏಳುವಾಗ ದವಡೆಯೂ ನೋಯುತ್ತಿತ್ತು. ರಾತ್ರಿಯಿಡೀ ಹಲ್ಲು ಕಡಿಯುತ್ತೀರಿ ಎಂದು ಹೆಂಡತಿ ಹೇಳಿದರೆ, ನಿನ್ನ ಗೊರಕೆ ನಿನಗೆ ಕೇಳಿಸುತ್ತದಾ ಎಂದು ಅವಳ ಮೇಲೇ ಹಾಯುತ್ತಿದ್ದ. ನೋವು ಶುರುವಾದದ್ದು ಯಾವಾಗ ಎಂದು ಅವನಿಗೆ ಚೆನ್ನಾಗಿ ಗೊತ್ತು. ಯಜಮಾನಿ ಒಂದು ದಿನ ಹೊಸ ಮೆಷಿನ್ನಿನ ಬಣ್ಣದ ಜಾಹೀರಾತೊಂದನ್ನು ಮೇಜಿನ ಮೇಲಿಟ್ಟು, "ನೋಡಿ ಮಾಸ್ಟರ್, ಕಂಪ್ಯೂಟರೇ ಗುರುತು ಹಾಕಿ ಅದೇ ಕತ್ತರಿಸುತ್ತಂತೆ" ಎಂದು ನಕ್ಕು ಹೋಗಿದ್ದಳು. ಆಮೇಲೆ ಆ ಮಾತನ್ನು ಅವಳು ಎತ್ತಲೇ ಇಲ್ಲ. ಇವನು ಮಾತ್ರ, ನೀವಿನ್ನು ಬೇಡ ಎನ್ನುವ ಮಾತು ಇವತ್ತು ಬಂತು, ನಾಳೆ ಬಂತು ಎಂದು ದಿನಾ ಕಾಯುತ್ತಿದ್ದ. ಕಟರ್ ಓಡಿಸುವಾಗ ಮೊದಲು ಕೈಯಷ್ಟೇ ಬಿಗಿಯಾಗುತ್ತಿತ್ತು, ಈಗ ಮೈಯೆಲ್ಲಾ ಬಿಗಿಯುತ್ತಿತ್ತು.

ಕೊನೆಗೆ ಡಾಕ್ಟರ ಹತ್ತಿರ ಹೋದ. ಸ್ಕ್ಯಾನ್ ಆಯಿತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಫಿಲಂ ಅನ್ನು ಬೆಳಕಿಗೆ ಹಿಡಿದು, "ಮೂಳೆ ಚೆನ್ನಾಗಿದೆ, ಡಿಸ್ಕ್ ಎಲ್ಲೂ ಸರಿದಿಲ್ಲ" ಎಂದಳು. "ನಿಮಗೆ ಏನಾದ್ರೂ ಭಯ, ಚಿಂತೆ ಇದೆಯಾ?"

"ಹಾಗಾದ್ರೆ ನಾನು ನಾಟಕ ಆಡ್ತಿದ್ದೀನಾ?"

"ಹಾಗಂದೆನಾ? ನೋವು ನಿಜಾನೇ. ಮನಸ್ಸು ಹೆದರಿದ್ರೆ ಮೈ ಬಿಗಿಯುತ್ತೆ, ತಿಂಗಳುಗಟ್ಟಲೆ ಬಿಗಿದ್ರೆ ನೋಯುತ್ತೆ. ಇದಕ್ಕೂ ಔಷಧಿ ಇದೆ, ವ್ಯಾಯಾಮ ಇದೆ. ಬಾಯಿಬಿಟ್ಟು ಮಾತಾಡೋದೂ ಇದೆ."

ಅವನ ಕಿವಿಗೆ ಬಿದ್ದದ್ದು ಎರಡೇ ಮಾತು. ಎಲ್ಲೂ ಸರಿದಿಲ್ಲ, ಮನಸ್ಸು ಹೆದರಿದೆ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಮುಖ ಕೆಂಪಾಗಿತ್ತು. ಹೆದರಿದ್ದಕ್ಕೆ ಬೆನ್ನುನೋವಂತೆ! ನಲವತ್ತು ಜನ ಕೇಳುವ ಹಾಗೆ ಬೈಯುವ ಗಂಡಸು, ಹೆದರಿ ಬೆನ್ನು ಹಿಡಿದುಕೊಂಡಿದ್ದಾನೆ ಎಂದರೆ ಯಾರು ನಗುವುದಿಲ್ಲ? ಎದುರಿಗಿದ್ದ ಔಷಧಿ ಅಂಗಡಿಗೆ ನುಗ್ಗಿ, ಡಾಕ್ಟರ ಚೀಟಿ ಜೇಬಲ್ಲೇ ಇಟ್ಟು, ಒಂದು ಸೊಂಟದ ಬೆಲ್ಟ್ ಕೊಂಡ. ಮನೆಗೆ ಬಂದವನೇ, "ಡಿಸ್ಕ್ ಸರಿದಿದೆಯಂತೆ. ಬಗ್ಗಬಾರದಂತೆ, ಭಾರ ಎತ್ತಬಾರದಂತೆ" ಎಂದ.

ಹೆಂಡತಿ ನಂಬಿದಳು. ಅವಳಿಗೂ ಮಂಡಿನೋವು. ಆದರೂ ಅವತ್ತಿನಿಂದ ಸಿಲಿಂಡರ್ ಉರುಳಿಸುವವಳು ಅವಳೇ, ನೀರಿನ ಕ್ಯಾನ್ ಎತ್ತುವವಳು ಅವಳೇ. ಬೆಳಿಗ್ಗೆ ಮಂಡಿ ಹಿಡಿದುಕೊಂಡು ಕೆಳಗೆ ಕೂತು ಅವನ ಬೂಟಿನ ದಾರ ಕಟ್ಟುವವಳೂ ಅವಳೇ. ಪಕ್ಕದ ಮನೆಯವರಿಗೆ, "ನಮ್ಮನೆಯವರದ್ದು ಸರಿದುಬಿಟ್ಟಿದೆ" ಎಂದು ಏನೋ ಬಿರುದು ಬಂದವರಂತೆ ಹೇಳುತ್ತಿದ್ದಳು. ಅವಳ ಬೈತಲೆಯನ್ನು ಮೇಲಿನಿಂದ ನೋಡುತ್ತಾ ಕಾಲು ಚಾಚಿ ನಿಂತಿರುವಾಗ ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಆದರೂ ಕಾಲು ಹಿಂದೆ ತೆಗೆಯಲಿಲ್ಲ. ಒಂದು ಸುಳ್ಳಿಗೆ ಮೂರು ತಿಂಗಳಾದರೆ ಅದು ಮನೆಯ ಮಗನಾಗಿಬಿಡುತ್ತದೆ, ಹೊರಗೆ ಹಾಕುವುದು ಕಷ್ಟ.

ಕಾರ್ಖಾನೆಯಲ್ಲೂ ಡಿಸ್ಕ್ ಎಂದೇ ಹೇಳಿದ್ದ, ಅಲ್ಲಿ ಆ ಸುಳ್ಳಿನ ಭಾರ ಬಿದ್ದದ್ದು ಬಟ್ಟೆ ಹಾಸುವವಳ ಮೇಲೆ, ಬಟ್ಟೆಯ ಥಾನು ಹೊರುವುದೆಲ್ಲ ಅವಳ ಪಾಲಾಯಿತು. ಅವಳನ್ನು ಎಲ್ಲರೂ ರೇಡಿಯೋ ಅಕ್ಕ ಎನ್ನುತ್ತಿದ್ದರು, ಬೆಳಿಗ್ಗೆ ಬಂದರೆ ಸಂಜೆಯವರೆಗೆ ಬಾಯಿ ಆರಿದ್ದೇ ಇಲ್ಲ. ಮಾಸ್ಟರಿಗೂ ಅವಳಿಗೂ ಹದಿಮೂರು ವರ್ಷದ ಜೋಡಿ. ಮೇಜಿನ ಆ ತುದಿಗೆ ಅವಳು, ಈ ತುದಿಗೆ ಇವನು. ಅವಳು ಥಾನಿನಿಂದ ಬಟ್ಟೆ ಎಳೆದು ತರುತ್ತಾಳೆ, ಇವನು ತುದಿ ಹಿಡಿದು ಮಡಚಿ ಹಿಂದಕ್ಕೆ ಕಳಿಸುತ್ತಾನೆ. ಹೀಗೆ ಹೋಗಿ ಬಂದು ಹಾಸಿದರೆ ಒಂದು ಪದರ ಮುಖ, ಅಂದರೆ ಬಟ್ಟೆಯ ಹೊರಬದಿ, ಮೇಲಾಗಿ, ಇನ್ನೊಂದು ಮುಖ ಕೆಳಗಾಗಿ ಬೀಳುತ್ತದೆ. ಆದ್ದರಿಂದ ಕೋಟಿನ ಎಡಭಾಗದ ಗುರುತು ಒಂದೇ ಹಾಕಿ ಕತ್ತರಿಸಿದರೂ ಸಾಕು, ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ತಾವಾಗಿಯೇ ಸಿಗುತ್ತವೆ.

ಒಂದು ಬುಧವಾರ ಕಾವಲುಗಾರರ ಕೋಟಿನ ಕಡುನೀಲಿ ಬಟ್ಟೆ ಬಂದಿತ್ತು. ಒಂದು ಬದಿಗೆ ಮಿಂಚು, ಇನ್ನೊಂದು ಬದಿ ಮಂಕು. ಯಜಮಾನಿ ಬೆಳಿಗ್ಗೆಯೇ ಬಂದು, "ಬೇಗ ಆಗ್ಬೇಕು ಮಾಸ್ಟರ್" ಎಂದದ್ದಕ್ಕೇ ಇವನ ಕತ್ತಿನಲ್ಲಿ ನೋವು ಬಂದು ಕೂತಿತ್ತು. ನಲವತ್ತು ಸಲ ಬಗ್ಗಿ ತುದಿ ಹಿಡಿಯುವುದು ಆಗುವ ಮಾತಲ್ಲ ಅನ್ನಿಸಿತು.

"ಅಕ್ಕಾ, ಇವತ್ತು ನಾನು ಹಿಡಿಯಲ್ಲ. ನೀನೇ ಆ ಕಡೆಯಿಂದ ತಂದು ಕತ್ತರಿಸಿ ಇಡು, ತಿರುಗಿ ಆ ಕಡೆಯಿಂದಲೇ ತಾ" ಎಂದ.

"ಒಂದೇ ಕಡೆಯಿಂದಲಾ ಮಾಸ್ಟರ್? ಹಾಗೆ ಹಾಸಿದ್ರೆ..."

"ಹೇಳಿದಷ್ಟು ಮಾಡು. ನನಗೇ ಪಾಠ ಹೇಳ್ತೀಯಾ?"

ಅವಳು ಒಬ್ಬಳೇ ನಲವತ್ತು ಪದರ ಹಾಸಿದಳು. ನಲವತ್ತೂ ಮುಖ ಮೇಲಾಗಿ. ಅವನು ಎಂದಿನಂತೆ ಎಡಭಾಗದ ಗುರುತು ಹಾಕಿದ, ಕಟರ್ ಓಡಿಸಿದ. ಮಧ್ಯಾಹ್ನ ಹೊಲಿಯುವ ಹೆಂಗಸೊಬ್ಬಳು ಎರಡು ತುಂಡು ಎತ್ತಿ ಹಿಡಿದು, "ಮಾಸ್ಟರ್, ಬಲಗಡೆಯವು ಎಲ್ಲಿ?" ಎಂದಳು. ಹುಡುಕಿದರು. ಬಲಗಡೆಯವು ಇರಲಿಲ್ಲ. ನಲವತ್ತೂ ಎಡಗಡೆಯವೇ. ಗುಂಡಿ ಹಾಕುವವನು, "ಎರಡೂ ಎಡಗೈ ಇರೋ ಕಾವಲುಗಾರರನ್ನ ಹುಡುಕ್ಬೇಕು ಈಗ" ಎಂದ. ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಯಜಮಾನಿ ಬಂದಳು.

"ಇದೇ ಬಣ್ಣದ ಬಟ್ಟೆ ಇನ್ನು ಸಿಗಲ್ಲ. ಯಾರು ಹಾಸಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಮಾಸ್ಟರ್ ಹೆಗಲು ಮುಟ್ಟಿಕೊಳ್ಳಲಿಲ್ಲ. ಗಕ್ಕನೆ ರೇಡಿಯೋ ಅಕ್ಕನ ಕಡೆ ತಿರುಗಿ ಕೂಗಾಡಿದ. "ಹದಿಮೂರು ವರ್ಷ ಹಾಸಿದ್ದೀಯಲ್ಲ, ಕಣ್ಣು ಎಲ್ಲಿಟ್ಟಿದ್ದೆ? ಬಟ್ಟೆಗೆ ಮುಖ ಇದೆ ಅಂತ ಗೊತ್ತಿಲ್ವಾ?"

"ನೀವೇ ಹೇಳಿದ್ರಲ್ಲ ಮಾಸ್ಟರ್, ಒಂದೇ ಕಡೆಯಿಂದ ತಾ ಅಂತ."

"ನಾನ್ಯಾವಾಗ ಹೇಳ್ದೆ?"

ಅವಳು ಅವನ ಮುಖವನ್ನೇ ನೋಡಿದಳು. ಅವನ ಕಣ್ಣು ಮೇಜಿನ ಮೇಲಿತ್ತು. ಯಜಮಾನಿ, "ನಾಳೆಯಿಂದ ಬರೋದು ಬೇಡ" ಎಂದಳು. ರೇಡಿಯೋ ಅಕ್ಕ ಡಬ್ಬಿ ಎತ್ತಿಕೊಂಡು, ಒಂದೇ ಒಂದು ಮಾತಾಡದೆ ಹೊರಟುಹೋದಳು. ಹದಿನಾಲ್ಕು ಮೆಷಿನ್ನುಗಳ ಸದ್ದಿನಲ್ಲೂ ಅವಳ ಚಪ್ಪಲಿ ಸದ್ದು ಬಾಗಿಲವರೆಗೂ ಅವನಿಗೆ ಕೇಳಿಸಿತು.

ಮರುದಿನ ಬೆಳಿಗ್ಗೆ ಬೆನ್ನು ಹಲಗೆಯಾಗಿತ್ತು. ಹೆಂಡತಿ ಬೆಲ್ಟ್ ಬಿಗಿದಳು, ಕೆಳಗೆ ಕೂತಳು, ದಾರಕ್ಕೆ ಕೈ ಹಾಕಿದಳು. ಅವನು ಕಾಲು ಎಳೆದುಕೊಂಡ.

"ಡಿಸ್ಕ್ ಸರಿದಿಲ್ಲ ಕಣೇ."

"ಏನು?"

"ಏನೂ ಸರಿದಿಲ್ಲ. ಚಿಂತೆಯಿಂದ ಬಂದದ್ದು ಅಂದ್ರು. ನಾನೇ ಸುಳ್ಳು ಹೇಳ್ದೆ."

ಅವಳು ಕೂತಲ್ಲೇ ಕೂತಿದ್ದಳು. "ನೋವಿಲ್ಲ ಅಂದ್ರಾ, ಡಿಸ್ಕ್ ಸರಿದಿಲ್ಲ ಅಂದ್ರಾ?"

"ನೋವು ನಿಜ ಅಂದ್ರು."

"ಅಷ್ಟು ಹೇಳೋಕೆ ಏನಾಗಿತ್ತು ನಿಮಗೆ? ಮೂರು ತಿಂಗಳು ನನ್ನ ಮಂಡಿ ಮುರಿಸಿದ್ರಲ್ಲ! ಚಿಂತೆ ಅಂದಿದ್ರೂ ನಾನು ಸಿಲಿಂಡರ್ ಎತ್ತುತ್ತಿದ್ದೆ. ಗೊತ್ತಿದ್ದು ಎತ್ತುತ್ತಿದ್ದೆ." ಕೈ ಊರಿ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆ ದಡಾರನೆ ಬಿತ್ತು. ಅಲ್ಲಿಂದಲೇ ಕೂಗಿದಳು, "ದಾರ ನೀವೇ ಕಟ್ಕೊಳ್ಳಿ!"

ಕಟ್ಟಿಕೊಂಡ. ಬಗ್ಗಿದಾಗ ಪ್ರಾಣ ಹೋದಂತಾಯಿತು.

ಕಾರ್ಖಾನೆಯಲ್ಲಿ ಯಜಮಾನಿಯ ಮುಂದೆ ನಿಂತು, ಹಾಗೆ ಹಾಸು ಎಂದವನು ನಾನೇ ಎಂದ. ಬಾಗಿಲು ತೆರೆದೇ ಇತ್ತು, ಮೆಷಿನ್ನುಗಳು ಒಂದೊಂದಾಗಿ ನಿಂತವು. ಯಜಮಾನಿ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ನಿಮ್ಮ ಮಾತು ನಂಬಿ ನಾನು ಅವಳ ಹೊಟ್ಟೆ ಮೇಲೆ ಹೊಡೆದೆ ಮಾಸ್ಟರ್. ನೀವೇ ಹೋಗಿ ಕರೀರಿ. ಅವಳು ಬಂದ ಮೇಲೆ ನಿಮ್ಮ ವಿಷಯ ಮಾತಾಡೋಣ" ಎಂದಳು. ಅವನು ಇಷ್ಟು ತಿಂಗಳು ಯಾವ ಮಾತಿಗೆ ಹೆದರಿದ್ದನೋ ಅದು ಈಗ ಇನ್ನೂ ಹತ್ತಿರ ಬಂದು ನಿಂತಿತು.

ರೇಡಿಯೋ ಅಕ್ಕನ ಮನೆ ಮೂರನೇ ಮಹಡಿಯಲ್ಲಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಾಗಿಲು ತಟ್ಟಿದ. ಅವಳು ಅರ್ಧ ಬಾಗಿಲು ತೆಗೆದಳು.

"ಅಕ್ಕಾ, ತಪ್ಪು ನಂದು. ಯಜಮಾನ್ತಿಗೆ ಹೇಳಿದ್ದೀನಿ. ಇನ್ನೊಂದು... ನನಗೆ ಡಿಸ್ಕ್ ಗಿಸ್ಕ್ ಏನೂ ಆಗಿಲ್ಲ."

"ಗೊತ್ತು ಬಿಡಿ" ಎಂದಳು ಅವಳು. "ನಮ್ಮೆಜಮಾನ್ರಿಗೆ ಡಿಸ್ಕ್ ಸರಿದಿತ್ತು. ಹಾಗಾದೋರು ಬೈಯೋಕೆ ಅಷ್ಟು ಗಕ್ಕನೆ ತಿರುಗೋಕಾಗಲ್ಲ."

"ಗೊತ್ತಿದ್ದೂ ಒಬ್ಬಳೇ ಹಾಸಿದೆಯಾ?"

"ಡಿಸ್ಕ್ ಸುಳ್ಳು ಅಂತ ಗೊತ್ತಿತ್ತು. ನೋವು ಸುಳ್ಳಲ್ಲ ಅಂತಲೂ ಗೊತ್ತಿತ್ತು. ಹದಿಮೂರು ವರ್ಷದಿಂದ ಎದುರಿಗೆ ನಿಂತಿದ್ದೀನಿ, ಮುಖ ನೋಡಿದ್ರೆ ತಿಳಿಯಲ್ವಾ?" ಅವಳ ದನಿ ಗಟ್ಟಿಯಾಯಿತು. "ಆದ್ರೆ ನಾನ್ಯಾವಾಗ ಹೇಳ್ದೆ ಅಂದ್ರಲ್ಲ, ಅದು ನನಗೆ ಗೊತ್ತಿರಲಿಲ್ಲ ಮಾಸ್ಟರ್."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಬರ್ತೀಯಾ ಅಕ್ಕಾ?"

"ನನಗಲ್ಲ, ನಮ್ಮತ್ತೆಗೆ ಹೇಳಿ. ನಿನ್ನೆಯಿಂದ ತಿಂದಿಲ್ಲ. ಬಟ್ಟೆ ಹಾಳು ಮಾಡಿ ಬಂದವಳು ಅಂತ ನನ್ನ ಮುಖ ನೋಡ್ತಿಲ್ಲ." ಬಾಗಿಲು ಪೂರ್ತಿ ತೆಗೆದಳು. "ಕಿವಿ ಕೇಳಿಸಲ್ಲ. ಗಟ್ಟಿಯಾಗಿ ಹೇಳ್ಬೇಕು."

ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಮುದುಕಿ ಕೂತಿದ್ದಳು. ಅವನು ಹತ್ತಿರ ಹೋಗಿ, "ಅಮ್ಮಾ, ತಪ್ಪು ನಂದು" ಎಂದ.

"ಆಂ?"

"ತಪ್ಪು ನಂದು!"

"ಯಾರು ನೀನು? ಏನಂತೆ?"

ಜೀವಮಾನವೆಲ್ಲಾ ಕೂಗಿದ ಗಂಟಲು ಅದು, ಆದರೆ ಈ ಮಾತಿಗೆ ಮೇಲೇಳಲು ಒಲ್ಲೆ ಎನ್ನುತ್ತಿತ್ತು. ಕುರ್ಚಿಯ ಪಕ್ಕ ಮಂಡಿಯೂರಿ, ಅವಳ ಕಿವಿಯ ಬಳಿ ಬಾಯಿಟ್ಟು ಇದ್ದಷ್ಟೂ ದನಿ ಎಳೆದ. "ಬಟ್ಟೆ ಹಾಳು ಮಾಡಿದ್ದು ನಾನು! ನಿಮ್ಮ ಸೊಸೆ ಅಲ್ಲ! ನಾನು ಹೆದರಿ ಸುಳ್ಳು ಹೇಳ್ದೆ!"

ಎದುರು ಮನೆಯ ಬಾಗಿಲು ತೆರೆಯಿತು. ಕೆಳಗಿನ ಮಹಡಿಯಲ್ಲಿ ಯಾರೋ ಮೆಟ್ಟಿಲ ಮೇಲೆ ನಿಂತದ್ದು ಕೇಳಿಸಿತು. ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಬೆಲ್ಟಿನ ಮೇಲೆ ಒಂದು ಗಳಿಗೆ ಕಣ್ಣು ನಿಲ್ಲಿಸಿದಳು.

"ಹಾಗಾದ್ರೆ ಇವಳದ್ದಲ್ವಾ ತಪ್ಪು?"

"ಅಲ್ಲಮ್ಮಾ!"

ಮುದುಕಿ ಸೊಸೆಯ ಕಡೆ ತಿರುಗಿ, "ತಟ್ಟೆ ಹಾಕೇ" ಎಂದಳು. ಸೊಸೆ ಒಳಗೆ ಹೋದಳು. ಹೋಗುತ್ತಾ ಬೆನ್ನು ತಿರುಗಿಸಿಯೇ, "ನಾಳೆ ಬರ್ತೀನಿ" ಎಂದಳು.

ಯಾರೂ ಅವನನ್ನು ಕೂರು ಎನ್ನಲಿಲ್ಲ. ಅವನು ಕುರ್ಚಿಯ ಕೈ ಹಿಡಿದು, ಹಲ್ಲು ಕಚ್ಚಿ ಎದ್ದು, ತೆರೆದ ಬಾಗಿಲುಗಳ ಮುಂದೆ ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದ.