ಅರ್ಜಿ ಹಾಕದವಳ ವಕೀಲರು

ಪುಣೆಯ ನಿಗಡಿಯಲ್ಲಿ ವಕೀಲ ಸುಮತಿಬಾಯಿ ಇನಾಮದಾರರ ಮನೆಗೆ ಕೇಸು ಹಿಡಿದುಕೊಂಡು ಹೋದವರಿಗೆ ಬರೀ ಚಹಾ ಬಂತೆಂದರೆ ಕೇಸು ಗಟ್ಟಿ ಎಂದರ್ಥ. ಚಹಾದ ಜೊತೆಗೆ ಹಚ್ಚಿದ ಅವಲಕ್ಕಿಯೂ ಬಂತೆಂದರೆ ಕೇಸಿನ ಕಥೆ ಮುಗಿಯಿತು. “ಇಲ್ಲ ಅನ್ನೂ ಮಾತು ಬರೇ ಹೊಟ್ಟೀಲೆ ಕೇಳಬಾರದು” ಎಂಬುದು ಅವರ ನಂಬಿಕೆ. ಈ ಗುಟ್ಟು ಗೊತ್ತಿದ್ದವರು ಒಳಗೆ ಅವಲಕ್ಕಿಯ ಡಬ್ಬಿ ತೆಗೆಯುವ ಸದ್ದಿಗೇ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ತಲಾಠಿಯ, ಅಂದರೆ ಊರ ಲೆಕ್ಕಿಗನ, ನೌಕರಿ ಕೈತಪ್ಪಿದ್ದ ಒಬ್ಬಾತ ತಟ್ಟೆ ಕಂಡವನೇ ಕೈಮುಗಿದು, ನನಗೆ ಹಸಿವಿಲ್ಲ, ದಯವಿಟ್ಟು ಕೇಸು ತೆಗೆದುಕೊಳ್ಳಿ ಎಂದು ಬೇಡಿಕೊಂಡಿದ್ದನಂತೆ. ಬಾಯಿಯವರು ಅವನಿಗೆ ಎರಡನೇ ಸಲ ಬಡಿಸಿ ಕಳಿಸಿದರು.

ಮರಾಠಿಯಲ್ಲಿ ಬಾಯಿ ಎಂದರೆ ಗೌರವದ ಮಾತು. ಕನ್ನಡದಲ್ಲಿ ಬಾಯಿ ಎಂದರೆ ಬಾಯಿಯೇ. ನಮ್ಮ ವಕೀಲ ಬಾಯಿಯವರಲ್ಲಿ ಎರಡಕ್ಕೂ ಕೊರತೆ ಇರಲಿಲ್ಲ. ಧಾರವಾಡದಲ್ಲಿ ಹುಟ್ಟಿ, ಮದುವೆಯಾಗಿ ಪುಣೆಗೆ ಬಂದು, ಎರಡು ಮಕ್ಕಳಾದ ಮೇಲೆ ಕಾನೂನು ಓದಿದವರು. ಕುಳ್ಳಗೆ, ದುಂಡಗೆ ಇದ್ದರು. ಕೋರ್ಟಿನ ಕರಿ ಗೌನನ್ನು ತರಕಾರಿ ಚೀಲದಲ್ಲಿ ತುರುಕಿ, ಚೀಲವನ್ನು ಮೊಪೆಡ್ಡಿನ ಹ್ಯಾಂಡಲಿಗೆ ತೂಗುಹಾಕಿ ಆಕುರ್ಡಿ ಸ್ಟೇಶನ್ನಿಗೆ ಹೋಗುತ್ತಿದ್ದರು. ಮರಳಿ ಬರುವಾಗ ಅದೇ ಚೀಲದಲ್ಲಿ ಮೇಲೆ ಮೆಂತ್ಯದ ಸೊಪ್ಪು, ಕೆಳಗೆ ಗೌನು. ಬಾಯಿಯವರ ವಾದದಲ್ಲಿ ಅಷ್ಟಿಷ್ಟು ಕಹಿ ಇರುವುದು ಆ ಮೆಂತ್ಯದಿಂದಲೇ ಎಂದು ನಮ್ಮಪ್ಪ ನಗುತ್ತಿದ್ದರು. ಅಪ್ಪನೂ ಧಾರವಾಡದವರೇ. ಆ ಒಂದು ಸಂಬಂಧದ ಮೇಲೆ ಎರಡೂ ಮನೆಗಳ ನಡುವೆ ಶೇಂಗಾ ಹಿಂಡಿ, ಕಡಬು, ಕುಸುಬಲಕ್ಕಿ ಓಡಾಡುತ್ತಿದ್ದವು.

ಅವರು ನಡೆಸುತ್ತಿದ್ದುದು ಸರಕಾರಿ ನೌಕರಿಯ ನೇಮಕಾತಿಯ ಕೇಸುಗಳನ್ನು ಮಾತ್ರ. ಉಳಿದವರು ಪೇಪರಿನಲ್ಲಿ ಕ್ರಿಕೆಟ್ಟು ನೋಡಿದರೆ ಇವರು ನೇಮಕಾತಿಯ ಜಾಹೀರಾತು ನೋಡುತ್ತಿದ್ದರು. ಅದರಲ್ಲೂ ಮೊದಲು ಕಣ್ಣು ಹಾಯುತ್ತಿದ್ದುದು ಅರ್ಜಿ ಹಾಕುವ ಕಡೇ ತಾರೀಖಿನ ಮೇಲೆ. ಕೇಳಿದ ಪದವಿ ಆ ತಾರೀಖಿನಂದು ನಿಮ್ಮದಾಗಿರಬೇಕು, ಆಮೇಲೆ ಬಂದರೆ ನಡೆಯುವುದಿಲ್ಲ. ಜಾಹೀರಾತಿನಲ್ಲೇ ಬೇರೆ ಬಗೆಯಾಗಿ ಹೇಳಿದ್ದರೆ ಮಾತು ಬೇರೆ. ಇಷ್ಟನ್ನು ಅವರು ಎಷ್ಟು ಮಂದಿಗೆ ಹೇಳಿದ್ದರೋ. “ಕಡೀ ತಾರೀಖು ಅಂದ್ರ ಹೊಸ್ತಲಿದ್ಧಂಗ. ಒಂದು ಕಾಲು ಒಳಗ, ಒಂದು ಕಾಲು ಹೊರಗ ಇಟ್ಟು ಎಡವಿ ಬಿದ್ರ ಹೊಸ್ತಲಕ್ಕ ಬೈಯಬಾರದು” ಎನ್ನುತ್ತಿದ್ದರು.

ಹಾಗೆಂದು ಹೊಸ್ತಿಲ ಒಳಗೇ ಇದ್ದವರನ್ನು ಯಾರಾದರೂ ಹೊರಗೆ ದಬ್ಬಿದರೆ ಸುಮ್ಮನಿರುತ್ತಿರಲಿಲ್ಲ. ಒಬ್ಬ ನರ್ಸ್ ಹುಡುಗಿಯ ಫಲಿತಾಂಶ ಕಡೇ ತಾರೀಖಿನ ಮೊದಲೇ ಬಂದಿತ್ತು. ಅಂಕಪಟ್ಟಿ ಮಾತ್ರ ಅಚ್ಚಾಗಿ ಕೈಗೆ ಬಂದದ್ದು ಆಮೇಲೆ. ನೇಮಕಾತಿಯವರು ಅಂಕಪಟ್ಟಿಯ ಮೇಲಿನ ತಾರೀಖು ನೋಡಿ ಅವಳನ್ನು ಅನರ್ಹಳೆಂದರು. ಬಾಯಿಯವರು ಮುಂಬೈಗೆ ಹೋಗಿ ವಾದಿಸಿದರು. ಮನೆಗೆ ಬಂದ ಮೇಲೆ ಸೊಪ್ಪು ಬಿಡಿಸುತ್ತ ಅದೇ ವಾದವನ್ನು ನಮಗೆ ಕನ್ನಡದಲ್ಲಿ ಮಾಡಿ ತೋರಿಸಿದರು. “ಕೂಸು ಹುಟ್ಟಿದ್ದು ಸೋಮವಾರ, ಜನ್ಮದಾಖಲಾ ಸಿಕ್ಕಿದ್ದು ಶುಕ್ರವಾರ. ಹಂಗಾರ ಶುಕ್ರವಾರದ ತನಕ ಆ ಕೂಸು ಹುಟ್ಟೇ ಇರಲಿಲ್ಲೇನ್ರಿ ಅಂತ ಕೇಳಿದೆ. ನ್ಯಾಯಮೂರ್ತಿಗಳು ನಕ್ಕುಬಿಟ್ರು. ನ್ಯಾಯಮೂರ್ತಿಗಳು ನಕ್ರು ಅಂದ್ರ ಅರ್ಧಾ ಕೇಸು ಗೆದ್ಧಂಗ.” ಇನ್ನರ್ಧವನ್ನೂ ಗೆದ್ದರು. ಆ ನರ್ಸ್ ಈಗಲೂ ಸರಕಾರಿ ಆಸ್ಪತ್ರೆಯಲ್ಲಿದ್ದಾಳೆ.

ಹೀಗೆ ವರ್ಷಗಟ್ಟಲೆ ಅವರ ಕಥೆಗಳನ್ನು ಕೇಳಿ ನಕ್ಕ ನನಗೇ ಒಂದು ದಿನ ಕೇಸು ಹಿಡಿದು ಅವರ ಮುಂದೆ ಕೂರುವ ಪಾಳಿ ಬಂತು.

ನಾನು ಆಹಾರ ತಂತ್ರಜ್ಞಾನದಲ್ಲಿ ಪದವಿಯ ಕೊನೆಯ ಪರೀಕ್ಷೆ ಬರೆದು ಕುಳಿತಿದ್ದೆ. ಆಗ ಸರಕಾರ ಆಹಾರ ನಿರೀಕ್ಷಕರ ಹುದ್ದೆಗಳಿಗೆ ಅರ್ಜಿ ಕರೆಯಿತು. ಹೋಟೆಲು, ಬೇಕರಿ, ಕಾರಖಾನೆಗಳಿಗೆ ಹೋಗಿ ಕಲಬೆರಕೆ ಹಿಡಿಯುವ ಕೆಲಸ. ಚಿಕ್ಕಂದಿನಿಂದ ಹಾಲಿನವನ ಜೊತೆ ಜಗಳ ಕಾಯುತ್ತ ಬೆಳೆದ ನನಗೆ ಅದಕ್ಕಿಂತ ಒಳ್ಳೆಯ ನೌಕರಿ ಇನ್ನೊಂದಿರಲಿಲ್ಲ. ಆನ್‌ಲೈನ್ ಅರ್ಜಿಯಲ್ಲಿ ‘ಪರೀಕ್ಷೆಗೆ ಕುಳಿತಿದ್ದಾರೆ’ ಎಂಬ ಆಯ್ಕೆಯಿತ್ತು. ಅದನ್ನು ಒತ್ತಿದೆ. ಅರ್ಜಿ ಹೋಯಿತು. ಅಧ್ಯಾಪಕರ ಮುಷ್ಕರದಿಂದ ಮೌಲ್ಯಮಾಪನ ನಿಂತಿತ್ತು. ಫಲಿತಾಂಶ ಬರುವ ಹೊತ್ತಿಗೆ ಅರ್ಜಿಯ ಕಡೇ ತಾರೀಖು ದಾಟಿತ್ತು. ಅರ್ಜಿಯನ್ನು ತೆಗೆದುಕೊಂಡಾಗಿದೆಯಲ್ಲ ಎಂದು ನಾನು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಸ್ಪರ್ಧಾ ಪರೀಕ್ಷೆ ಬರೆದೆ, ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲೇ ಬಂದೆ. ಅಮ್ಮ ಕಟ್ಟಡದ ತುಂಬ ಪೇಢೆ ಹಂಚಿದಳು. ಕಾಗದಪತ್ರಗಳ ತಪಾಸಣೆಯ ದಿನ ಗುಮಾಸ್ತೆಯೊಬ್ಬಳು ನನ್ನ ಫಲಿತಾಂಶದ ತಾರೀಖಿನ ಮೇಲೆ ಬೆರಳಿಟ್ಟಳು. ಒಂದು ವಾರದಲ್ಲಿ ಆಯ್ಕೆ ರದ್ದಾಗಿದೆ ಎಂಬ ಆದೇಶ ಬಂತು.

ಅಪ್ಪನೂ ನಾನೂ ಅವತ್ತೇ ಸಂಜೆ ಬಾಯಿಯವರ ಮನೆಗೆ ಹೋದೆವು. ಅವರು ಎಲ್ಲವನ್ನೂ ನಿಧಾನವಾಗಿ ಓದಿದರು. ಎದ್ದು ಒಳಗೆ ಹೋದರು. ಡಬ್ಬಿಯ ಸದ್ದಾಯಿತು.

ಅವಲಕ್ಕಿಯ ತಟ್ಟೆಯನ್ನು ನಾನು ಮುಟ್ಟಲಿಲ್ಲ. ಫಲಿತಾಂಶ ತಡ ಮಾಡಿದ್ದು ವಿಶ್ವವಿದ್ಯಾಲಯ, ಅದರಲ್ಲಿ ನನ್ನ ತಪ್ಪೇನು ಎಂದು ಕೇಳಿದೆ. ನಿನ್ನ ತಪ್ಪಿಲ್ಲ, ಹಾಗಂತ ಅರ್ಹತೆಯೂ ಇರಲಿಲ್ಲ ಎಂದರು. ನನ್ನ ಅರ್ಜಿಯನ್ನು ಕಂಪ್ಯೂಟರು ತೆಗೆದುಕೊಂಡಿತಲ್ಲ ಎಂದೆ. “ಕಂಪ್ಯೂಟರು ಏನು ಕೊಟ್ರೂ ತಗೋತದವಾ. ನಮ್ಮ ಮನೀ ಆಕಳಾನೂ ಹಂಗ ಇತ್ತು” ಎಂದರು. ಅಪ್ಪ ನಕ್ಕುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ನನಗಿಂತ ಕಡಿಮೆ ಅಂಕದವರಿಗೆ ನೌಕರಿ ಸಿಗುತ್ತದೆ, ಅದನ್ನು ನೋಡಿಕೊಂಡು ಕೂರಬೇಕೇ ಎಂದು ದನಿ ಏರಿಸಿದೆ.

ಬಾಯಿಯವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಗೌರಿ, ನಿನ್ನಂಥಾಕಿನ ಇನ್ನೊಬ್ಬಾಕಿ ಇದ್ದಾಳ. ಆಕೀದೂ ರಿಸಲ್ಟ್ ಬಂದಿರಲಿಲ್ಲ. ಆಕಿ ಜಾಹೀರಾತು ಓದಿದಳು, ನನಗ ಅರ್ಹತಾ ಇಲ್ಲ ಅಂತ ಅರ್ಜೀನ ಹಾಕಲಿಲ್ಲ. ನಾ ಈಗ ನಿನ್ನ ಒಳಗ ಕರಕೊಂಡು ಹೋದ್ರ, ನಿಯಮ ಪಾಲಿಸಿದ್ದು ಆಕೀ ತಪ್ಪಾತು. ಆಕೀ ಪರವಾಗಿ ಕೋರ್ಟಿನಾಗ ಯಾರು ನಿಂದರಬೇಕು? ಆಕಿಗೆ ಕೇಸೂ ಇಲ್ಲ, ವಕೀಲರೂ ಇಲ್ಲ.”

ಅಂಥ ಹುಡುಗಿ ಎಲ್ಲಿದ್ದಾಳೆ, ತೋರಿಸಿ ಎಂದು ಕೇಳಿದೆ. ಅದು ವಕೀಲರು ಮಾತಿಗೆ ಹುಟ್ಟಿಸಿಕೊಂಡ ಹುಡುಗಿ ಎಂದೇ ನನ್ನ ಭಾವನೆ. ನಿಮಗೆ ಬಡಿದಾಡುವ ಮನಸ್ಸಿಲ್ಲದಿದ್ದರೆ ನೇರವಾಗಿ ಹೇಳಿ, ಇಲ್ಲದವರ ಹೆಸರು ಹೇಳಬೇಡಿ ಎಂದೂ ಅಂದೆ. ಅಪ್ಪ ಗಾಬರಿಯಾಗಿ ನನ್ನ ತೋಳು ಹಿಡಿದರು. ಬಾಯಿಯವರು ಮಾತ್ರ ನನ್ನನ್ನೇ ನೋಡುತ್ತಿದ್ದರು, ಸಿಟ್ಟಿಲ್ಲದೆ, ತೂಗಿ ನೋಡುವವರ ಹಾಗೆ. ನಾನು ಚಪ್ಪಲಿ ಮೆಟ್ಟಿ ಹೊರಟೆ.

ಮುಂದಿನ ಭಾನುವಾರ ಅವರೇ ಫೋನ್ ಮಾಡಿ ಕರೆದರು. ಹೋಗುವುದಿಲ್ಲ ಎಂದು ಹಟ ಹಿಡಿದೆ. ಅಮ್ಮ ಬೆನ್ನು ಬಿಡದೆ ಕಳಿಸಿದಳು. ಅಲ್ಲಿ ನನ್ನ ವಯಸ್ಸಿನ ಒಬ್ಬ ಹುಡುಗಿ ಕುಳಿತಿದ್ದಳು. ಹೆಸರು ವೈಶಾಲಿ, ಚಾಕಣದ ಹತ್ತಿರದ ಹಳ್ಳಿಯವಳು, ಬೇರೆ ಕಾಲೇಜು, ಅದೇ ವಿಶ್ವವಿದ್ಯಾಲಯ. ಕಡೇ ತಾರೀಖಿಗೆ ಮೊದಲೇ ಬಾಯಿಯವರನ್ನು ಹುಡುಕಿಕೊಂಡು ಬಂದು, ಫಲಿತಾಂಶ ಬಾರದೆ ಅರ್ಜಿ ಹಾಕಬಹುದೇ ಎಂದು ಕೇಳಿದ್ದಳಂತೆ. ಹಾಕಬೇಡ, ಮುಂದೆ ತೊಂದರೆಯಾಗುತ್ತದೆ ಎಂದಿದ್ದರು ಇವರು. ಅವಳು ಹಾಕಿರಲಿಲ್ಲ. ಈಗ ಅವಳ ಒಪ್ಪಿಗೆ ಪಡೆದೇ ನನ್ನನ್ನು ಕರೆಸಿದ್ದರು.

ನಾವಿಬ್ಬರೂ ಮರಾಠಿಯಲ್ಲಿ ಮಾತಾಡಿದೆವು. ವೈಶಾಲಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ನಾನೂ ನಿನ್ನ ಹಾಗೆ ಒತ್ತಿಬಿಡಬೇಕಿತ್ತು, ಒಂದಷ್ಟು ದಿನವಾದರೂ ಪೇಢೆ ತಿನ್ನುತ್ತಿದ್ದೆ ಎಂದಳು. ನಗು ಬಂತು. ನನ್ನ ಜಗಳಕ್ಕೆ ಆವರೆಗೆ ಎದುರಾಳಿ ಎಂದರೆ ಒಂದು ಕಚೇರಿ, ಒಂದು ತಾರೀಖು ಅಷ್ಟೇ. ಈಗ ಅಲ್ಲಿ ಕೆಂಪು ಓಢಣಿಯ ಒಬ್ಬ ಹುಡುಗಿ ಕುಳಿತು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದಳು.

ಕೇಸು ಹಾಕುವ ಮಾತು ಅಲ್ಲಿಗೆ ನಿಂತಿತು. ಬಾಯಿಯವರು ಮಾತ್ರ ನಿಲ್ಲಲಿಲ್ಲ. ಹಿಂದಿನದನ್ನು ತಿದ್ದಲಾಗದು, ಮುಂದಿನ ಜಾಹೀರಾತನ್ನು ತಿದ್ದಿಸಬಹುದು ಎಂದರು. ಕೊನೆಯ ಪರೀಕ್ಷೆ ಬರೆದವರಿಗೂ ಅರ್ಜಿ ಹಾಕಲು ಬಿಡಬೇಕು, ನೇಮಕಾತಿಯ ಮುಖ್ಯ ಪರೀಕ್ಷೆ ನಡೆಯುವುದರೊಳಗೆ ಪದವಿ ಪಾಸಾದದ್ದನ್ನು ತೋರಿಸಬೇಕು, ಇದನ್ನು ಎಲ್ಲರಿಗೂ ತಿಳಿಯುವಂತೆ ಮೊದಲೇ ಅಚ್ಚು ಹಾಕಬೇಕು. ಇಷ್ಟು ಬರೆದ ಮನವಿಗೆ ನಮ್ಮಿಬ್ಬರಿಂದಲೂ ಸಹಿ ಹಾಕಿಸಿದರು. ನಮಗಿಬ್ಬರಿಗೂ ಪದವಿ ಸಿಕ್ಕಾಗಿತ್ತು, ಇದರಿಂದ ನಮಗೆ ಕವಡೆಕಾಸಿನ ಉಪಯೋಗವಿರಲಿಲ್ಲ. ಹಾಗೆಂದು ವೈಶಾಲಿ ಹೇಳಿದ್ದಕ್ಕೆ ಬಾಯಿಯವರು, “ಅದಕ್ಕs ನಿಮ್ಮ ಮಾತು ಕೇಳತಾರ” ಎಂದರು.

ಮನವಿಯನ್ನು ನೇಮಕಾತಿ ಕಚೇರಿಯ ಸಾಹೇಬರ ಕೈಗೇ ಕೊಡಲು ಮುಂಬೈಗೆ ಮೂವರೂ ರೈಲಿನಲ್ಲಿ ಹೋದೆವು. ಘಾಟಿನ ಸುರಂಗಗಳಲ್ಲಿ ಬಾಯಿಯವರು ನಮಗೆ ಪಾಠ ಹೇಳಿದರು. ಸಾಹೇಬರ ಮುಂದೆ ಅಳಬೇಡಿ, ನಗಬೇಡಿ, ಕೇಳಿದಷ್ಟಕ್ಕೇ ಉತ್ತರ ಕೊಡಿ. ಸಾಹೇಬರ ಕೋಣೆಯಲ್ಲಿ ಈ ಮೂರನ್ನೂ ಮುರಿದವರು ಅವರೊಬ್ಬರೇ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಮ್ಮ ಕಥೆ ಹೇಳಿದರು, ಸಾಹೇಬರ ಒಂದು ಮಾತಿಗೆ ಗಹಗಹಿಸಿ ನಕ್ಕರು, ಕೇಳದಿದ್ದ ಪ್ರಶ್ನೆಗಳಿಗೂ ಉತ್ತರ ಕೊಟ್ಟರು. ಹೊರಗೆ ಬಂದ ಮೇಲೆ ಕೇಳಿದರೆ, ಆ ಪಾಠ ನಿಮಗೆ ಹೇಳಿದ್ದು, ನನಗಲ್ಲ ಎಂದರು. ಮುಂದಿನ ನೇಮಕಾತಿಯ ಜಾಹೀರಾತಿನಲ್ಲಿ ಅಂಥದೊಂದು ಸಾಲು ಬಂತು. ನಮ್ಮ ಮನವಿಯಿಂದಲೇ ಬಂತೆಂದು ನಾನು ಹೇಳಲಾರೆ. ಬಾಯಿಯವರೂ ಹೇಳಲಿಲ್ಲ. ಅವತ್ತು ಮಾತ್ರ ಮೊಪೆಡ್ಡಿನ ಮೇಲೆ ಬಂದು ನಮ್ಮ ಮನೆಯಲ್ಲಿ ಹೋಳಿಗೆ ಮಾಡಿಸಿಕೊಂಡು ತಿಂದುಹೋದರು.

ಆ ನೇಮಕಾತಿಯಲ್ಲಿ ನಾವಿಬ್ಬರೂ ಪರೀಕ್ಷೆ ಬರೆದೆವು. ವೈಶಾಲಿ ಆಯ್ಕೆಯಾದಳು. ನಾನು ಆಗಲಿಲ್ಲ. ಈ ಸಲ ಯಾವ ತಾರೀಖಿನದೂ ತಪ್ಪಿರಲಿಲ್ಲ, ನನ್ನ ಅಂಕಗಳೇ ಕಡಿಮೆ. ಚಾಕಣದ ಹತ್ತಿರ ಒಂದು ಉಪ್ಪಿನಕಾಯಿ ಕಾರಖಾನೆಯಲ್ಲಿ ಗುಣಮಟ್ಟ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಸೇರಿದ ಎರಡನೆಯ ವರ್ಷ ತಪಾಸಣೆಗೆ ಬಂದ ಸರಕಾರಿ ಜೀಪಿನಿಂದ ಇಳಿದದ್ದು ವೈಶಾಲಿಯೇ. ಪರಿಚಯವೇ ಇಲ್ಲದವಳ ಹಾಗೆ ತೊಟ್ಟಿ ತೊಟ್ಟಿ ಇಣುಕಿದಳು, ಮುಚ್ಚಳ ಸರಿಯಿಲ್ಲದ ಒಂದು ಡ್ರಮ್ಮಿಗೆ ನೋಟೀಸು ಕೊಟ್ಟಳು, ಆಮೇಲೆ ಗೇಟಿನ ಹೊರಗೆ ನನ್ನನ್ನು ತಬ್ಬಿಕೊಂಡಳು. ಈ ಕಥೆಯನ್ನು ಬಾಯಿಯವರು ನನ್ನಿಂದ ಎಷ್ಟು ಸಲ ಹೇಳಿಸಿಕೊಂಡರೋ. ಡ್ರಮ್ಮಿನ ಹತ್ತಿರ ಬಂದ ಕೂಡಲೇ ನಗಲು ಶುರುಮಾಡುತ್ತಿದ್ದರು.

ಕೊನೆಕೊನೆಗೆ ಅವರ ದನಿ ಹೋಯಿತು. ಗಂಟಲಿನ ಕಾಯಿಲೆ. ಕೋರ್ಟು ಬಿಟ್ಟು, ನಿಗಡಿಯ ಮನೆ ಬಿಟ್ಟು, ಪುಣೆಯ ಆ ತುದಿಗೆ, ಮಗರಪಟ್ಟಾದ ಮಗಳ ಫ್ಲ್ಯಾಟಿಗೆ ಹೋದರು. ಕಳೆದ ವರ್ಷ ದಸರೆಯ ಮರುದಿನ ಬನ್ನಿ ಕೊಡಲು ಹೋಗಿದ್ದೆ. ಬಾಲ್ಕನಿಯಲ್ಲಿ ಶಾಲು ಹೊದ್ದು ಕುಳಿತಿದ್ದರು. ಸೊರಗಿದ್ದರು, ಕಣ್ಣು ಮಾತ್ರ ಹಾಗೇ ಇದ್ದವು. ಪಿಸುದನಿಯಲ್ಲೇ ಕೆಳಗಿನ ಈಜುಕೊಳದಲ್ಲಿ ಇಳಿಯುವವರನ್ನೆಲ್ಲ ಆಡಿಕೊಂಡು ನಗಿಸಿದರು. ಬಹಳ ದಿನದಿಂದ ಕೇಳಬೇಕೆಂದಿದ್ದ ಒಂದು ಮಾತನ್ನು ಆಗ ಕೇಳಿದೆ. ವೈಶಾಲಿ ಅವರ ಹತ್ತಿರ ಮೊದಲೇ ಬಂದಿರದಿದ್ದರೆ ನನ್ನ ಕೇಸು ತೆಗೆದುಕೊಳ್ಳುತ್ತಿದ್ದರೇ ಎಂದು.

ಅವರು ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.

“ವೈಶಾಲೀ ಮಾತು ಬಿಡು. ಅವತ್ತು ನೀ ಅತ್ತಿದ್ರ ತಗೊಂಡುಬಿಡ್ತಿದ್ದೆ. ಸೋಲತೇನಿ ಅಂತ ಗೊತ್ತಿದ್ದೂ ತಗೋತಿದ್ದೆ. ಆದ್ರ ನೀ ನನ್ನ ಜೋಡಿ ಜಗಳಾ ತಗದಿ. ಈ ಹುಡುಗಿ ಬದಕತಾಳ, ಇಕೀಗೆ ನನ್ನ ಸುಳ್ಳು ಸಮಾಧಾನ ಬ್ಯಾಡ ಅಂತ ಕಳಿಸಿದೆ.”

ಹೊರಡುವಾಗ ಲಿಫ್ಟಿನವರೆಗೂ ಬಂದರು. ಮಗಳು ಬೇಡವೆಂದರೂ ಬಂದರು.

ಚಳಿ ಮುಗಿಯುವ ಮೊದಲೇ ಅವರು ಹೋಗಿಬಿಟ್ಟರು. ನನಗೆ ತಿಳಿಸಿದವಳು ವೈಶಾಲಿ. ಕಾರಖಾನೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದಾಗ ಫೋನ್ ಬಂತು. “ಬಾಯಿ ಗೇಲ್ಯಾ” ಎಂದಳು. ಬಾಯಿ ಹೋದರು. ನಿಗಡಿಯ ಮೇಲ್ಸೇತುವೆಯ ಕೆಳಗೆ ಗಾಡಿ ನಿಲ್ಲಿಸಿ, ಹೆಲ್ಮೆಟ್ಟು ತೆಗೆಯದೆ, ಬಸ್ಸುಗಳ ಸದ್ದಿನ ನಡುವೆ ಅತ್ತೆ. ಜಗಳ ತೆಗೆಯೋಣವೆಂದರೆ ಅಲ್ಲಿ ಯಾರೂ ಇರಲಿಲ್ಲ.