ಸುದ್ದಿಯಿಲ್ಲದ ಶುಕ್ರವಾರ

ಬಲಗೈಯ ಹಸಿರು ಗಾಜಿನ ಬಳೆಗಳನ್ನು ಮೊಣಕೈ ಕಡೆಗೆ ಏರಿಸಿ, ಜಾರದಂತೆ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಂಡೇ ಅಕ್ಕೋರು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಬರೆಯುವಾಗ ಬಳೆಯ ಸದ್ದು ಅವರಿಗೆ ಆಗದು. ಸಿಟ್ಟು ಬಂದಾಗ ಮಾತ್ರ ಆ ಬ್ಯಾಂಡನ್ನು ಮೆಲ್ಲಗೆ ಕಳಚುತ್ತಿದ್ದರು. ಬಳೆಗಳು ಝಲ್ಲೆಂದು ಮಣಿಕಟ್ಟಿಗೆ ಇಳಿಯುತ್ತಿದ್ದವು. ಅಷ್ಟಕ್ಕೇ ಇಡೀ ವರ್ಗ ಗಪ್‌ಚಿಪ್.

ನಮ್ಮ ಹಳಿಯಾಳದ ಕಡೆ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತಾರೆ. ಇವರು ನಮಗೆ ಹತ್ತನೇ ವರ್ಗದಲ್ಲಿ ಇತಿಹಾಸ ಕಲಿಸಿದವರು. ಎರಡು ಮಹಾಯುದ್ಧಗಳ ನಡುವಿನ ಪಾಠ ಬಂದ ದಿನ ಪುಸ್ತಕ ಮುಚ್ಚಿಟ್ಟು ಹೇಳಿದರು: "ಇಪ್ಪತ್ತು ವರ್ಷದ ಜಗತ್ತನ್ನ ನಾಕು ಪುಟದಾಗ ತುರುಕ್ಯಾರ. ಅದು ನಿಮ್ಮ ತಲಿಗೂ ಹೋಗೂದಿಲ್ಲ, ನನ್ನ ತಲಿಗೂ ಹೋಗೂದಿಲ್ಲ. ಒಂದ ತಿಂಗಳ ಹಿಡಿಯೂಣು. ಅದನ್ನ ಪೂರ್ತಿ ತಿಳ್ಕೊಳ್ಳೂಣು."

ಅವರು ಆರಿಸಿದ್ದು ೧೯೩೦ರ ಏಪ್ರಿಲ್.

"ಏಪ್ರಿಲ್ಲ ಯಾಕ್ರೀ ಅಕ್ಕೋರ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ನೀವು ಮೂವತ್ತ ಮಂದಿ ಇದ್ದೀರಿ, ಅದಕ್ಕ. ಒಬ್ಬಾಂವ ಹೆಚ್ಚಿದ್ರ ಮೇ ತಿಂಗಳಕ್ಕ ಹೋಗಬೇಕಾಗ್ತಿತ್ತು."

ಚೀಟಿ ಎತ್ತಿಸಿ ತಲೆಗೊಂದು ತಾರೀಕು ಕೊಟ್ಟರು. ಗ್ರಂಥಾಲಯದಲ್ಲಿ ಹುಡುಕಿಯೋ, ಯಾರನ್ನಾದರೂ ಕೇಳಿಯೋ, ಆ ದಿನ ಜಗತ್ತಿನಲ್ಲಿ ಏನಾಯಿತು ಎಂದು ನಾವೇ ತಿಳಿದು ಬರಬೇಕು. ಅಂದಿನಿಂದ ಹಾಜರಿಯೂ ತಾರೀಕಿನ ಮೇಲೆಯೇ. ಆರು ಬಂದವನು ದಂಡಿಯ ಕಡಲ ತಡಿಯಲ್ಲಿ ತಾನೇ ಉಪ್ಪು ಎತ್ತಿದವನ ಹಾಗೆ ಎದೆ ಉಬ್ಬಿಸಿ ನಡೆದ. ಹದಿಮೂರು ಬಂದವಳಿಗೆ ನಮ್ಮ ಜಿಲ್ಲೆಯ ಅಂಕೋಲೆಯೇ ಸಿಕ್ಕಿತು, ಅಲ್ಲಿಯೂ ಅಂದು ಉಪ್ಪಿನ ಕಾನೂನು ಮುರಿದಿದ್ದರಂತೆ. ಇಪ್ಪತ್ಮೂರರವನಿಗೆ ಪೇಶಾವರದಲ್ಲಿ ಜನರ ಮೇಲೆ ಗುಂಡು ಹಾರಿಸಲು ಒಪ್ಪದ ಸಿಪಾಯಿಗಳು ಸಿಕ್ಕರು. ನನ್ನದು ಹದಿನೇಳು. ಅಮೆರಿಕದ ಒಂದು ಪ್ರಯೋಗಶಾಲೆಯಲ್ಲಿ ಅಂದು ಕೃತಕ ರಬ್ಬರು ಸಿದ್ಧವಾಗಿತ್ತು. "ಉಪ್ಪು ತಿನ್ನಾಕರ ಬರ್ತೈತಿ, ನಿನ್ನ ರಬ್ಬರ ಯಾತಕ್ಕ?" ಎಂದು ಜೂಲಿ ನನ್ನನ್ನು ಕಾಡಿದಳು.

ಜೂಲಿ ನನ್ನ ಗೆಳತಿ. ಹಳಿಯಾಳದ ಆಚೆಯ ಸಿದ್ದಿಯರ ಹಳ್ಳಿಯವಳು. ಬೆಂಚು ಸಿಕ್ಕರೆ ಬೆಂಚು, ಡಬ್ಬಿ ಸಿಕ್ಕರೆ ಡಬ್ಬಿ, ಅವರ ಡಮಾಮಿ ಡೋಲಿನ ಪೆಟ್ಟನ್ನು ಬಾರಿಸದೆ ಕೂರುವವಳಲ್ಲ. ಅವಳಿಗೆ ಹದಿನೆಂಟು ಬಂದಿತ್ತು. ಆ ದಿನ ಶುಭ ಶುಕ್ರವಾರ. ಲಂಡನ್ನಿನ ರೇಡಿಯೋದಲ್ಲಿ ಸಂಜೆ ಸುದ್ದಿ ಓದುವವನು "ಇಂದು ಸುದ್ದಿ ಇಲ್ಲ" ಎಂದಷ್ಟೇ ಹೇಳಿದನಂತೆ, ಆಮೇಲೆ ಪಿಯಾನೋ ಬಾರಿಸಿದರಂತೆ. ಇದು ಜೂಲಿಗಿಂತ ಮೊದಲು ಹುಡುಗರಿಗೆ ಸಿಕ್ಕಿಬಿಟ್ಟಿತು. "ಮೂವತ್ತು ದಿನದಾಗ ಒಂದ ದಿನ ಖಾಲಿ ಇತ್ತು, ಅದು ನಿನಗ ಬಂತು ನೋಡ" ಎಂದು ವಾರವಿಡೀ ನಕ್ಕರು.

ಎಲ್ಲರೂ ತಮ್ಮ ತಮ್ಮ ದಿನ ಹೇಳಲು ಅಕ್ಕೋರು ನಮ್ಮನ್ನು ದಾಂಡೇಲಿ ಹತ್ತಿರದ ಮೌಳಂಗಿಗೆ, ಹೊಳೆ ದಂಡೆಗೆ ಕರೆದೊಯ್ದರು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ಏರುತ್ತದೆ, ಬಂಡೆಗಳ ಮೇಲೆ ಹೋಗಬೇಡಿ ಎಂದು ಅಲ್ಲಿ ದೊಡ್ಡ ಬೋರ್ಡು ಇತ್ತು. ನಾವು ಅದರ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡೆವು. ಓದಲಿಲ್ಲ.

ಊಟಕ್ಕೆ ಮೊದಲು ಹನ್ನೆರಡು ದಿನ ಮುಗಿದವು. ಊಟ ಮಾಡುವಾಗ ಒಬ್ಬ ಕೂಗಿದ: "ಜೂಲಿ, ನಿನಗ ಮಾತಾಡೂ ಕೆಲಸ ಇಲ್ಲ. ಪಿಯಾನೋ ತಂದೀಯಿಲ್ಲೋ?" ಜೂಲಿ ಡಬ್ಬಿ ಮುಚ್ಚಿ ಎದ್ದಳು. ಬಂಡೆಯಿಂದ ಬಂಡೆಗೆ ಹಾರುತ್ತಾ ಹೊಳೆಯ ಒಳಕ್ಕೆ ಹೋದದ್ದನ್ನು ನಾನು ನೋಡಿದೆ. ಸಿಟ್ಟು ಇಳಿದ ಮೇಲೆ ಬರುತ್ತಾಳೆ ಎಂದುಕೊಂಡು ನನ್ನ ರಬ್ಬರನ್ನು ಬಾಯಿಪಾಠ ಮಾಡುತ್ತಾ ಕುಳಿತೆ.

ಹೊಳೆ ದಂಡೆಯ ಕಾವಲುಗಾರ ಸೀಟಿ ಊದುತ್ತಾ ಓಡಿ ಬಂದ. "ನೀರ ಬಂತು, ಮ್ಯಾಲ ಹತ್ರಿ!" ನಾವೆಲ್ಲ ದಂಡೆ ಹತ್ತಿದೆವು. ಅಕ್ಕೋರು ತಾರೀಕು ಕರೆಯಲು ಶುರು ಮಾಡಿದರು. ಒಂದು, ಎರಡು, ಮೂರು. ಒಬ್ಬೊಬ್ಬರೂ ಕೂಗಿದರು. "ಹದಿನೇಳು!" ಎಂದು ನಾನೂ ಕೂಗಿದೆ.

ಮುಂದಿನ ಸಂಖ್ಯೆ ಬರಲಿಲ್ಲ.

ಈಗಲೂ ಬಸ್ಸಿನಲ್ಲಿ ಕಂಡಕ್ಟರ್ ತಲೆ ಎಣಿಸುತ್ತಾ ಹದಿನೇಳಕ್ಕೆ ಬಂದರೆ ನಾನು ಉಸಿರು ಹಿಡಿಯುತ್ತೇನೆ. ಅವನು ಮುಂದಿನದನ್ನು ಹೇಳಿದ ಮೇಲೆಯೇ ಬಿಡುವುದು. ಅಂದು ಬಾಯಿ ಬಿಡುವ ಬದಲು ನಾನು ಹೊಳೆಯ ಕಡೆಗೇ ನೋಡುತ್ತಾ ನಿಂತೆ. ಅಷ್ಟರಲ್ಲಿ ಅಕ್ಕೋರು ಹೊಳೆಯ ಕಡೆ ತಿರುಗಿದ್ದರು. ನಡುವಿನ ಬಂಡೆಯ ಮೇಲೆ ಜೂಲಿ. ಹಾರಿ ಹೋಗಿದ್ದ ಬಂಡೆಗಳೆಲ್ಲ ಆಗಲೇ ಮುಳುಗಿದ್ದವು. ಕಂದು ನೀರು ಅವಳ ಪಾದ ಮುಟ್ಟುತ್ತಿತ್ತು, ಅವಳು ಜಿಗಿಯಲು ಬಗ್ಗಿದ್ದಳು.

ಅಕ್ಕೋರು ಮೊಣಕಾಲವರೆಗೆ ನೀರಿಗಿಳಿದರು. ಕಾವಲುಗಾರ ಅವರ ಕೈ ಹಿಡಿದು ನಿಲ್ಲಿಸಿ, ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಒಯ್ಯುವ ರಾಫ್ಟಿನ ಹುಡುಗರನ್ನು ಕೂಗಿ ಕರೆದ. ರಾಫ್ಟು ಬರುವವರೆಗೆ ಅವಳು ಜಿಗಿಯಬಾರದು. ಅಕ್ಕೋರು ಗಂಟಲು ಹರಿಯುವಂತೆ ಕೂಗಿದರು: "ಜೂಲೀ! ಹದಿನೆಂಟನೇ ತಾರೀಕ ಏನಾತು, ಹೇಳ!"

ಜೂಲಿ ಬೆರಗಾಗಿ ನೆಟ್ಟಗೆ ನಿಂತಳು. "ಏನೂ ಆಗಲಿಲ್ಲ ರೀ ಅಕ್ಕೋರ!" ಎಂದು ಅಳುತ್ತಾ ಕೂಗಿದಳು.

"ಸುಳ್ಳ! ಲಂಡನ್ನಿನಾಗ ಸುದ್ದಿ ಇಲ್ಲಂದ ದಿನಾನ ನಮ್ಮ ಹುಡುಗೂರು ಬಂಗಾಲದ ಚಿತ್ತಗಾಂಗಿನಾಗ ಸರಕಾರದ ಬಂದೂಕಿನ ಕೋಠಿಗೆ ನುಗ್ಗಿದ್ರು! ಕುಂದರು, ಹೇಳ್ತೇನಿ!"

ಜೂಲಿ ಕುಳಿತಳು.

"ತಂತಿ ಕಡದ್ರು, ಟೆಲಿಫೋನ ಸುಟ್ರು! ಸುದ್ದಿ ಹೆಂಗ ಹೋಗಬೇಕ?"

"ಎಷ್ಟ ಮಂದಿ ಇದ್ರು ರೀ?"

"ದಂಡಿಗೆ ಬಾ, ಹೇಳ್ತೇನಿ!"

ಆ ಭಯದಲ್ಲೂ ಯಾರೋ ಕಿಸಕ್ಕೆಂದು ನಕ್ಕರು. ಅಷ್ಟರಲ್ಲಿ ರಾಫ್ಟು ಬಂಡೆಗೆ ತಾಗಿತು. ಹುಡುಗರು ಅವಳ ರಟ್ಟೆ ಹಿಡಿದು ಎಳೆದುಕೊಂಡರು. ದಂಡೆಗೆ ಬಂದವಳು ಮೊದಲು ಕೇಳಿದ್ದು, "ಈಗ ಹೇಳ್ರಿ, ಎಷ್ಟ ಮಂದಿ?" ಅಕ್ಕೋರು ಅವಳನ್ನು ಅಪ್ಪಿಕೊಂಡು ಕೆಸರಿನಲ್ಲೇ ಕುಳಿತರು. "ಅರವತ್ತರ ಮ್ಯಾಲ" ಎಂದು ಅವಳ ಕಿವಿಯಲ್ಲಿ ಹೇಳಿದರು.

ಮರಳುವ ಬಸ್ಸಿನಲ್ಲಿ ಜೂಲಿ ಸೀಟಿನ ಬೆನ್ನಿನ ಮೇಲೆ ಡೋಲಿನ ಪೆಟ್ಟು ಬಾರಿಸಿದಳು, ಪಿಯಾನೋ ಎಂದು ಕಾಡಿದವನೇ ಎದ್ದು ಕುಣಿದ. ನಾನು ಅಕ್ಕೋರ ಪಕ್ಕ ಹೋಗಿ ಕುಳಿತು, ಅವಳು ಹೋದದ್ದನ್ನು ನೋಡಿಯೂ ಸುಮ್ಮನಿದ್ದೆ ಎಂದು ಹೇಳಿದೆ. ಏನೂ ಆಗಲಿಲ್ಲವಲ್ಲ ಬಿಡು ಎನ್ನುತ್ತಾರೆಂದು ಕಾದಿದ್ದೆ. ಅವರು ಹಾಗೆ ಅನ್ನಲಿಲ್ಲ.

"ನೀ ಬಾಯಿ ಬಿಡಲಿಲ್ಲ, ಖರೆ. ಆದ್ರ ನಿನ್ನ ಕಣ್ಣ ಹೋದ ಕಡೆ ನಾ ನೋಡಿದೆ, ಅದಕ್ಕ ಆಕಿ ಲಗೂನ ಕಂಡ್ಳು. ಮುಂದಿನ ಸಲ ಬಾಯೂ ಬಿಡವಾ. ಜೂಲಿಗೂ ಹೇಳಿಬಿಡು."

ಮರುವಾರ ಅದೇ ದಂಡೆಗೆ ಮತ್ತೆ ಕರೆದೊಯ್ದರು. ಬೋರ್ಡನ್ನು ಮೂರು ಸಲ ಗಟ್ಟಿಯಾಗಿ ಓದಿಸಿ, ಉಳಿದ ದಿನಗಳನ್ನೆಲ್ಲ ಹೇಳಿಸಿ ಏಪ್ರಿಲ್ ಮುಗಿಸಿದರು. ಆದರೆ ಜೂಲಿಗೆ ನಾನು ಹೇಳಲಿಲ್ಲ. ಕಾಲೇಜು ಮುಗಿಯಿತು, ಅವಳ ಮದುವೆಯಾಯಿತು, ಮಗಳು ಹುಟ್ಟಿದಳು. ಆಗಲೂ ಇಲ್ಲ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಅವರ ಮನೆಯಿಂದ ಮರಳುವಾಗ ಹಳಿಯಾಳದ ಬಸ್ ನಿಲ್ದಾಣದಲ್ಲಿ ಜೂಲಿ ಮತ್ತು ನಾನು ಚಹಾ ಕುಡಿಯಲು ನಿಂತೆವು. ಲೋಟ ಕೆಳಗಿಟ್ಟು, ಅವಳ ಮುಖ ನೋಡದೆ, ಒಂದೇ ಉಸಿರಿಗೆ ಹೇಳಿಬಿಟ್ಟೆ.

ಜೂಲಿ ತನ್ನ ಲೋಟದ ಮೇಲೆ ಬೆರಳಿನಿಂದ ಎರಡು ಪೆಟ್ಟು ಬಾರಿಸಿದಳು. ಆಮೇಲೆ ನಿಲ್ದಾಣದವರೆಲ್ಲ ತಿರುಗಿ ನೋಡುವಂತೆ ನಕ್ಕಳು.

"ಏ ಹುಚ್ಚೀ, ನೀ ನೋಡ್ಲಿ ಅಂತನ ನಾ ಹೊಂಟಿದ್ದು! ತಿರುಗಿ ತಿರುಗಿ ನೋಡ್ಕೋತ ಹೋಗಿದ್ದೆ. ನೀ ನೋಡಿಲ್ಲ ಅಂತ ಇಷ್ಟ ವರ್ಷ ನಿನ್ನ ಮ್ಯಾಲ ಸಿಟ್ಟಿತ್ತು ನನಗ."