ಸವಳು ನೆಲದ ಬೀಜ

ಶಿವರಾತ್ರಿ ಮುಗಿದ ವಾರ, ಭಾನುವಾರ. ಸೋಲಾಪುರದ ಟಾವೆಲ್ ಕಾರ್ಖಾನೆಗೆ ನನಗೆ ರಜೆ. ವಳಸಂಗದ ನಮ್ಮ ಹೊಲದ ತಗ್ಗಿನಲ್ಲಿ ನನ್ನ ಹೆಂಡತಿ ಗೋಧಿಯ ತೆನೆ ಆರಿಸುತ್ತಿದ್ದಳು.

ವರ್ಷಗಟ್ಟಲೆ ಬೋರಿನ ನೀರು ಹಾಯಿಸಿ ಆ ತಗ್ಗು ಸವಳಾಗಿತ್ತು. ಒಣಗಿದರೆ ನೆಲದ ಮೇಲೆ ಬಿಳಿ ಪುಡಿ ಕೂರುತ್ತಿತ್ತು. ಅಂಗಡಿಯ ಪಾಕೀಟಿನ ಬೀಜ ಅಲ್ಲಿ ಗೇಣುದ್ದ ಬೆಳೆದು, ತುದಿ ಸುಟ್ಟು, ತೆನೆ ಕಟ್ಟದೆ ಒಣಗುತ್ತಿತ್ತು. ನಮ್ಮ ಕಡೆಯ ಹಳೆಯ ತಳಿ ಖಪಲಿ ಗೋಧಿಯೂ ಬಹುಪಾಲು ಹಾಗೆಯೇ. ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಕಾಳು ತುಂಬಿಕೊಂಡು ನಿಲ್ಲುತ್ತಿತ್ತು. ಅವನ್ನಷ್ಟೇ ಆರಿಸಿ, ಮರುವರ್ಷ ಅದೇ ತಗ್ಗಿನಲ್ಲಿ ಬಿತ್ತುತ್ತಿದ್ದಳು. ಆರು ವರ್ಷದಲ್ಲಿ ನಿಂತ ಗಿಡಗಳು ಹೆಚ್ಚಾಗುತ್ತ ಬಂದಿದ್ದವು.

“ಮ್ಯಾಲಿನ ಹೊಲದಾಗ ದಪ್ಪದಪ್ಪ ತೆನಿ ಅದಾವ. ನೀ ಉಪ್ಪಿನಾಗ ಹುಡುಕಾಕತ್ತಿ,” ಎಂದೆ.

“ಅವು ನಿಮ್ಮಂಗ ಕುಂತು ಉಂಡು ಬೆಳದಾವ್ರಿ,” ಎಂದಳು. “ಇವು ನನ್ನಂಗ.”

ಸಂಜೆ ತೆನೆ ಬಡಿದು, ಸಿಪ್ಪೆಯ ಸಮೇತ ಕಾಳನ್ನು ಬೂದಿ, ಬೇವಿನ ಎಲೆಯೊಂದಿಗೆ ಡಬ್ಬಿಗೆ ತುಂಬಿ ಅಟ್ಟದ ಮೇಲಿಟ್ಟಳು. ಮರುದಿನ ಬೆಳಿಗ್ಗೆ ಚಹಾ ಸೋಸುತ್ತಿದ್ದವಳು ಕುಸಿದುಬಿದ್ದಳು. ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಹನ್ನೊಂದನೆಯ ದಿನದ ಊಟಕ್ಕೆ ಗೋಧಿ ಹುಗ್ಗಿ. ಜನ ಹೆಚ್ಚು ಬಂದರು, ಗೋಧಿ ಸಾಲಲಿಲ್ಲ. ಅಕ್ಕಲಕೋಟೆಯಿಂದ ಬಂದಿದ್ದ ನನ್ನ ಅಕ್ಕ ಅಡುಗೆಮನೆಯ ಬಾಗಿಲಿಂದ ಕೇಳಿದಳು:

“ತಮ್ಮಾ, ಅಟ್ಟದ ಮ್ಯಾಲಿನ ಡಬ್ಬಿಯೊಳಗ ಖಪಲಿ ಐತಿ. ತಗೊಳ್ಳಲೇನೊ?”

“ತಗೋ ಅಕ್ಕಾ,” ಎಂದೆ.

ಹೆಂಗಸರು ಅದನ್ನು ಒರಳಿಗೆ ಹಾಕಿ ಕುಟ್ಟಿ, ಸಿಪ್ಪೆ ತೂರಿ, ಬೆಲ್ಲ ಹಾಕಿ ಬೇಯಿಸಿದರು. “ಇನ್ನೊಂದು ಸೌಟು ಹಾಕ್ರಿ ಅವಂಗ, ನಿನ್ನಿಯಿಂದ ಉಂಡಿಲ್ಲ,” ಎಂದು ಯಾರೋ ಹೇಳಿದರು. ಹಾಕಿದ್ದನ್ನು ನಾನು ಉಂಡೆ.

ದೀಪಾವಳಿ ಕಳೆದ ಮೇಲೆ ಬಿತ್ತಲು ಡಬ್ಬಿ ಇಳಿಸಿದೆ. ತಳದಲ್ಲಿ ಒಂದು ಹಿಡಿ ಬೂದಿ, ಒಣಗಿದ ಎಲೆ. ಆಗ ನೆನಪಾಯಿತು. ಅಕ್ಕನಿಗೆ ಫೋನ್ ಮಾಡಿದೆ.

“ನಿನ್ನ ಕೇಳೇ ತಗೊಂಡಿದ್ನೆಲ್ಲೊ ತಮ್ಮಾ,” ಎಂದು ಅತ್ತಳು. ಕೇಳಿದ್ದು ನಿಜ. ಕೊಟ್ಟವನು ನಾನೇ.

ಅಕ್ಕಲಕೋಟೆಯ ಬಜಾರಿನಿಂದ ಖಪಲಿ ತಂದು ಅದೇ ತಗ್ಗಿನಲ್ಲಿ ಬಿತ್ತಿದೆ. ಹುಟ್ಟಿತು, ಮೂರನೆಯ ವಾರಕ್ಕೆ ಎಲೆಯ ತುದಿ ಸುಟ್ಟಿತು. ಮತ್ತೆ ಶಿವರಾತ್ರಿ ಮುಗಿದು, ಈ ಭಾನುವಾರ ಸಾಲು ಸಾಲು ನಡೆದು ನೋಡಿದೆ. ನಡೆದಲ್ಲೆಲ್ಲ ಚಪ್ಪಲಿಗೆ ಬಿಳಿ ಪುಡಿ ಮೆತ್ತಿಕೊಂಡಿತು. ಕಾಳು ತುಂಬಿದ ಒಂದು ಗಿಡವೂ ಸಿಗಲಿಲ್ಲ.

ಅವಳು ಆರು ವರ್ಷ ಆರಿಸಿದ ಆ ಬೀಜ ಈಗ ಎಲ್ಲಿಯೂ ಇಲ್ಲ.